ಸೋಡಚೀಟಿ ಲಗೂನ ಸಿಗುತ್ತದೆಯೇ?



ಸಂತ ಮತ್ತಾಯರ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಫರಿಸಾಯರು ಪ್ರಭು ಯೇಸುವನ್ನು ಪರೀಕ್ಷಿಸಲು ಒಂದು ಪ್ರಶ್ನೆ ಹೊತ್ತು ಬರುತ್ತಾರೆ. ಗಂಡನಾದವನು ಯಾವ ಕಾರಣಕ್ಕಾದರೂ ಹೆಂಡತಿಯನ್ನು ಬಿಡಬಹುದೋ ಎಂಬುದು ಆ ಪ್ರಶ್ನೆ. ಆ ಕಾಲದ ಯೆಹೂದ್ಯ ಪಂಡಿತರಲ್ಲಿ ಇದು ದೊಡ್ಡ ವಾದವಾಗಿತ್ತು. ಶಮ್ಮಾಯಿ ಎಂಬ ಗುರುವಿನ ಶಿಷ್ಯರು, ಹೆಂಡತಿ ನಡತೆ ತಪ್ಪಿದರೆ ಮಾತ್ರ ಬಿಡಬಹುದು ಎನ್ನುತ್ತಿದ್ದರು. ಹಿಲ್ಲೇಲ್ ಎಂಬ ಗುರುವಿನ ಶಿಷ್ಯರು, ಅಡುಗೆ ಕೆಡಿಸಿದರೂ ಸಾಕು, ಪತ್ರ ಬರೆದು ಕೈಗೆ ಕೊಟ್ಟು ಕಳಿಸಬಹುದು ಎನ್ನುತ್ತಿದ್ದರು. ಕಾರಣ ದೊಡ್ಡದಿರಬೇಕೋ, ಸಣ್ಣದಾದರೂ ನಡೆದೀತೋ ಎಂಬುದಷ್ಟೇ ಅವರ ಜಗಳ. ಕಳಿಸಲ್ಪಡುವ ಹೆಂಗಸಿನ ಗತಿ ಏನು ಎಂದು ಆ ಪ್ರಶ್ನೆ ಕೇಳುವುದಿಲ್ಲ.

ಎರಡು ಸಾವಿರ ವರ್ಷಗಳ ಮೇಲೆ ಅದೇ ಪ್ರಶ್ನೆ ಬೇರೆ ವೇಷದಲ್ಲಿ ನಮ್ಮ ದೇವಾಲಯದ ಬಾಗಿಲಿಗೂ ಬಂದಿದೆ. ವಿಜಯಪುರ ನಗರದವರಿರಲಿ, ತಿಕೋಟಾ ಬಬಲೇಶ್ವರದ ಕಡೆಯವರಿರಲಿ, ಭಾನುವಾರದ ಬಲಿಪೂಜೆ ಮುಗಿದು ಜನ ಚದುರಿದ ಮೇಲೆ ಒಬ್ಬ ತಾಯಿ ಸೆರಗಿನ ತುದಿ ಹಿಡಿದುಕೊಂಡು ಮೆಲ್ಲಗೆ ಕೇಳಬಹುದಾದ ಮಾತು ಇದು: “ಫಾದರ್, ನಮ್ಮ ಅಳಿಯ ಇನ್ನೊಬ್ಬಾಕಿ ಜೋಡಿ ಇರೋದು ಊರಿಗೇ ಗೊತ್ತೈತ್ರಿ. ಇದನ್ನ ಕೋರ್ಟಿನ್ಯಾಗ ಹೇಳಿದ್ರ ಮಗಳಿಗೆ ಸೋಡಚೀಟಿ ಲಗೂನ ಸಿಗತೈತೇನ್ರೀ?”

ಹೀಗೆ ಕೇಳುವವರನ್ನು ಗದರಿಸಿ ಕಳಿಸುವುದು ಸುಲಭ. ಧರ್ಮಸಭೆ ವಿಚ್ಛೇದನವನ್ನು ಒಪ್ಪುವುದಿಲ್ಲ ಎಂದು ಒಂದು ಸಾಲು ಹೇಳಿ ಕೈತೊಳೆದುಕೊಳ್ಳುವುದು ಇನ್ನೂ ಸುಲಭ. ಆದರೆ ಆ ತಾಯಿಯ ಮಗಳು ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದು ಕುಳಿತಿದ್ದಾಳೆ. ಆಕೆಗೆ ಬೇಕಾಗಿರುವುದು ಸತ್ಯ. ಕಾನೂನಿನ ಸತ್ಯವನ್ನೂ ಶುಭಸಂದೇಶದ ಸತ್ಯವನ್ನೂ ಎರಡನ್ನೂ ಹೇಳುವುದು ನಮ್ಮ ಹೊಣೆ. ಮೊದಲು ಕಾನೂನನ್ನೇ ನೋಡೋಣ.

ನಮಗೆ ಅನ್ವಯಿಸುವ ಕಾನೂನು

ಕ್ರೈಸ್ತರ ವಿವಾಹ ವಿಚ್ಛೇದನಕ್ಕೆ ನಮ್ಮ ದೇಶದಲ್ಲಿರುವುದು 1869ರ ಕಾಯ್ದೆ. ಅದನ್ನು ಬರೆದವರು ಬ್ರಿಟಿಷರು. ಆ ಕಾಯ್ದೆಯ ಮೊದಲಿನ ರೂಪದಲ್ಲಿ ಗಂಡ ಹೆಂಡತಿಯರಿಗೆ ಒಂದೇ ತಕ್ಕಡಿ ಇರಲಿಲ್ಲ. ಹೆಂಡತಿ ವ್ಯಭಿಚಾರ ಮಾಡಿದ್ದಾಳೆ ಎಂದು ಸಾಬೀತುಪಡಿಸಿದರೆ ಗಂಡನಿಗೆ ಅಷ್ಟೇ ಸಾಕಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಅವನ ಕ್ರೌರ್ಯವನ್ನೋ, ಎರಡು ವರ್ಷ ತನ್ನನ್ನು ತೊರೆದದ್ದನ್ನೋ, ಅಂಥ ಇನ್ನೊಂದು ಅಪರಾಧವನ್ನೋ ಆಕೆ ತೋರಿಸಬೇಕಿತ್ತು. ಗಂಡಿನ ಪಾಪ ಸಣ್ಣದು, ಹೆಣ್ಣಿನ ಪಾಪ ದೊಡ್ಡದು ಎಂಬ ಲೋಕದ ಮಾತೇ ಕಾನೂನಾಗಿ ಕುಳಿತಿತ್ತು.

ಈ ಅನ್ಯಾಯ ಸರಿಹೋಗಲು 132 ವರ್ಷ ಬೇಕಾಯಿತು. 2001ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ, ಹತ್ತನೆಯ ಕಲಮಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸಮಾನವಾದ ಆಧಾರಗಳನ್ನು ಇಟ್ಟಿತು. ಮದುವೆಯ ನಂತರದ ವ್ಯಭಿಚಾರ. ಕ್ರೈಸ್ತ ಧರ್ಮ ಬಿಟ್ಟು ಬೇರೆ ಧರ್ಮಕ್ಕೆ ಸೇರಿದ್ದು. ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ಇರುವ, ವಾಸಿಯಾಗದ ಬುದ್ಧಿಭ್ರಮಣೆ. ಹರಡುವಂಥ ಲೈಂಗಿಕ ರೋಗ. ಏಳು ವರ್ಷ ಬದುಕಿರುವ ಸುದ್ದಿಯೇ ಇಲ್ಲದಿರುವುದು. ಬೇಕೆಂದೇ ದಾಂಪತ್ಯ ಸಂಬಂಧವನ್ನು ನಿರಾಕರಿಸಿದ್ದು. ಕೂಡಿ ಬಾಳಬೇಕೆಂಬ ನ್ಯಾಯಾಲಯದ ಡಿಕ್ರಿಯನ್ನು ಎರಡು ವರ್ಷ ಪಾಲಿಸದಿರುವುದು. ಎರಡು ವರ್ಷ ತೊರೆದು ಹೋಗಿರುವುದು. ಒಟ್ಟಿಗಿದ್ದರೆ ಅಪಾಯ ಎಂಬ ಭಯ ಹುಟ್ಟಿಸುವಂಥ ಕ್ರೌರ್ಯ. ಇವು ಈಗಿರುವ ಆಧಾರಗಳು. ಕುಷ್ಠರೋಗವೂ ಈ ಪಟ್ಟಿಯಲ್ಲಿತ್ತು. 2019ರಲ್ಲಿ ಅದನ್ನು ತೆಗೆದುಹಾಕಿದರು. ಕುಷ್ಠರೋಗಿಯನ್ನು ಕೈಮುಟ್ಟಿ ಗುಣಪಡಿಸಿದ ಪ್ರಭುವಿನ ಮಕ್ಕಳಾದ ನಾವು ಅದಕ್ಕೆ ಸಂತೋಷಪಡಬೇಕು. ಇವಲ್ಲದೆ, ಗಂಡ ಅತ್ಯಾಚಾರದಂಥ ಘೋರ ಅಪರಾಧ ಮಾಡಿದ್ದರೆ ಹೆಂಡತಿ ಅದೊಂದರ ಮೇಲೆಯೂ ಅರ್ಜಿ ಹಾಕಬಹುದು.

ಅರ್ಜಿಯನ್ನು ಎಲ್ಲಿ ಹಾಕಬೇಕು? ಮದುವೆ ನಡೆದ ಜಿಲ್ಲೆಯಲ್ಲಿ, ಇಲ್ಲವೇ ಗಂಡ ಹೆಂಡತಿ ವಾಸವಿರುವ ಅಥವಾ ಕೊನೆಯದಾಗಿ ಕೂಡಿ ಬಾಳಿದ ಜಿಲ್ಲೆಯಲ್ಲಿ. ಮದುವೆ ವಿಜಯಪುರದಲ್ಲಾಗಿ, ಸಂಸಾರ ಪುಣೆಯಲ್ಲೋ ಗೋವೆಯಲ್ಲೋ ಹೂಡಿ, ಈಗ ತಿಕೋಟಾದ ತವರಿಗೆ ಮರಳಿರುವ ಮಗಳು ವಿಜಯಪುರದಲ್ಲೇ ಅರ್ಜಿ ಹಾಕಬಹುದು. ದೂರದ ಊರಿಗೆ ಅಲೆಯಬೇಕಾಗಿಲ್ಲ. ಧರ್ಮಕೇಂದ್ರದ ವಿವಾಹ ದಾಖಲೆಯ ಪ್ರತಿ ಮಾತ್ರ ಕೈಯಲ್ಲಿರಬೇಕು. ಮದುವೆಯನ್ನು 1954ರ ವಿಶೇಷ ವಿವಾಹ ಕಾಯ್ದೆಯಂತೆ ಮಾಡಿಕೊಂಡವರಿಗೆ ಆ ಕಾಯ್ದೆಯ ನಿಯಮಗಳೇ ಅನ್ವಯಿಸುತ್ತವೆ.

ವ್ಯಭಿಚಾರ ಹೇಳಿದರೆ ಬೇಗ ಆಗುತ್ತದೆಯೇ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ವ್ಯಭಿಚಾರದ ಆಧಾರಕ್ಕೆ ಎರಡು ವರ್ಷ ಕಾಯಬೇಕೆಂಬ ನಿಯಮವಿಲ್ಲ ಎಂಬುದು ನಿಜ. ತೊರೆದು ಹೋದದ್ದನ್ನು ಆಧಾರ ಮಾಡಿಕೊಳ್ಳುವವರು ಎರಡು ವರ್ಷ ತುಂಬುವವರೆಗೆ ಕಾಯಬೇಕು, ಇಲ್ಲಿ ಹಾಗಿಲ್ಲ. ಅರ್ಜಿಯನ್ನು ಬೇಗ ಹಾಕಬಹುದು. ಆದರೆ ಬೇಗ ಹಾಕಿದ್ದು ಬೇಗ ಮುಗಿಯುತ್ತದೆ ಎಂದು ಯಾರೂ ತಿಳಿಯಬಾರದು. ವ್ಯಭಿಚಾರಕ್ಕೆಂದು ನ್ಯಾಯಾಲಯದಲ್ಲಿ ಅಡ್ಡದಾರಿ ಇಲ್ಲ. ವಿಶೇಷ ಸಾಲೂ ಇಲ್ಲ.

ಇದಕ್ಕೆ ಕಾರಣಗಳಿವೆ. ಮೊದಲನೆಯದು, ಹೇಳಿದ್ದನ್ನು ಸಾಬೀತುಪಡಿಸಬೇಕು. ಊರಿಗೆಲ್ಲ ಗೊತ್ತಿದೆ ಎಂಬುದು ಸಾಕ್ಷ್ಯವಲ್ಲ. ಕಣ್ಣಾರೆ ಕಂಡವರೇ ಬೇಕೆಂದು ನ್ಯಾಯಾಧೀಶರು ಕೇಳುವುದಿಲ್ಲ, ಸಂದರ್ಭಗಳಿಂದಲೂ ತಿಳಿದುಕೊಳ್ಳುತ್ತಾರೆ. ಆದರೆ ಸಂಶಯ ಮಾತ್ರ ಸಾಲದು. ಎರಡನೆಯದು, ಕಾಯ್ದೆಯ ಹನ್ನೊಂದನೆಯ ಕಲಮಿನಂತೆ ಸಂಬಂಧವಿದೆ ಎನ್ನಲಾದ ಮೂರನೆಯ ವ್ಯಕ್ತಿಯನ್ನೂ ಪ್ರಕರಣದಲ್ಲಿ ಪ್ರತಿವಾದಿಯಾಗಿ ಸೇರಿಸಬೇಕು. ನ್ಯಾಯಾಲಯ ವಿನಾಯಿತಿ ಕೊಟ್ಟರೆ ಮಾತ್ರ ಬಿಡಬಹುದು. ಅವರಿಗೂ ನೋಟೀಸು, ಅವರಿಗೂ ವಕೀಲರು, ಅವರಿಂದಲೂ ಉತ್ತರ. ಇಬ್ಬರ ಜಗಳ ಮೂವರದಾಗುತ್ತದೆ. ವಾಯಿದೆಗಳೂ ಅದಕ್ಕೆ ತಕ್ಕಂತೆ ಬೆಳೆಯುತ್ತವೆ. ಮೂರನೆಯದು, ಆರೋಪ ಹೊತ್ತವರು ಸುಮ್ಮನಿರುವುದಿಲ್ಲ. ತಮ್ಮ ಮಾನ ಉಳಿಸಿಕೊಳ್ಳಲು ಎದುರು ಆರೋಪ ಮಾಡುತ್ತಾರೆ. ವಿಜಯಪುರದಲ್ಲಿ ತೀರ್ಪಾದರೂ ಸೋತವರು ಕಲಬುರಗಿಯ ಉಚ್ಚ ನ್ಯಾಯಾಲಯ ಪೀಠಕ್ಕೆ ಮೇಲ್ಮನವಿ ಹೋಗಬಹುದು.

ಇವೆಲ್ಲಕ್ಕಿಂತ ದೊಡ್ಡದು ಮಕ್ಕಳ ವಿಷಯ. ಹೆಂಡತಿಯ ಮೇಲೆ ವ್ಯಭಿಚಾರದ ಮಾತು ಎತ್ತಿದ ಗಂಡ ಕೊನೆಗೆ ಮಗು ತನ್ನದಲ್ಲ ಎನ್ನುವ ಮಟ್ಟಕ್ಕೂ ಹೋಗುತ್ತಾನೆ. ರಕ್ತಪರೀಕ್ಷೆ ಮಾಡಿಸಿ ಎನ್ನುತ್ತಾನೆ. ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಒಂದು ಪ್ರಕರಣದಲ್ಲಿ, ತಾಯಿಯ ವ್ಯಭಿಚಾರ ಸಾಬೀತುಪಡಿಸುವ ಸಾಧನವಾಗಿ ಮಗುವಿನ ಡಿಎನ್‌ಎ ಪರೀಕ್ಷೆಯನ್ನು ಸಲೀಸಾಗಿ ಆದೇಶಿಸಕೂಡದು ಎಂದು ಹೇಳಿತು. ಗಂಡ ಹೆಂಡಿರ ಜಗಳದಲ್ಲಿ ಮಗುವನ್ನು ಸಾಕ್ಷಿಯ ಕಟಕಟೆಗೆ ಎಳೆಯಬಾರದು ಎಂಬ ವಿವೇಕ ಅದು. ನಮ್ಮ ಗೋಳಗುಮ್ಮಟದಲ್ಲಿ ಒಂದು ಪಿಸುಮಾತು ಆಡಿದರೂ ಅದು ಗೋಡೆಗೋಡೆಗೆ ಬಡಿದು ಮತ್ತೆ ಮತ್ತೆ ಮರಳಿ ಬರುತ್ತದೆ. ನ್ಯಾಯಾಲಯದ ಕಾಗದದ ಮೇಲೆ ಬರೆಸಿದ ಆ ಒಂದು ಶಬ್ದವೂ ಹಾಗೆಯೇ. ಮಗಳು ದೊಡ್ಡವಳಾಗಿ ಮದುವೆಗೆ ನಿಂತಾಗಲೂ ಅದು ಮರಳಿ ಕೇಳಿಸುತ್ತದೆ.

ವ್ಯಭಿಚಾರಕ್ಕೆ ಜೈಲು ಇದೆಯಲ್ಲ, ಪೊಲೀಸರಿಗೆ ದೂರು ಕೊಟ್ಟರೆ ಗಂಡ ದಾರಿಗೆ ಬರುತ್ತಾನೆ ಎನ್ನುವವರೂ ಇದ್ದಾರೆ. ಅದೂ ಈಗ ಇಲ್ಲ. ಹಳೆಯ ದಂಡ ಸಂಹಿತೆಯ 497ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 27ರಂದು ರದ್ದುಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಅಪರಾಧ ಇಲ್ಲ. ಆ ಹಳೆಯ ಕಲಮಾದರೂ ಏನು ಹೇಳುತ್ತಿತ್ತು? ಪರರ ಹೆಂಡತಿಯನ್ನು ಅವಳ ಗಂಡನ ಒಪ್ಪಿಗೆಯಿಲ್ಲದೆ ಕೂಡಿದ ಗಂಡಸಿಗೆ ಶಿಕ್ಷೆ ಎಂದು. ಎಂದರೆ ಹೆಂಡತಿ ಗಂಡನ ಆಸ್ತಿ. ತನ್ನ ಗಂಡ ಕೆಟ್ಟ ದಾರಿ ಹಿಡಿದರೆ ದೂರು ಕೊಡುವ ಹಕ್ಕು ಹೆಂಡತಿಗೆ ಆ ಕಲಮಿನಲ್ಲಿ ಇರಲೇ ಇಲ್ಲ. ಅದು ಹೋಯಿತೆಂದು ವ್ಯಭಿಚಾರ ಪಾಪವಲ್ಲ ಎಂದಾಗುವುದಿಲ್ಲ. ವಿಚ್ಛೇದನಕ್ಕೆ ಅದು ಇಂದಿಗೂ ಆಧಾರವೇ. ಆದರೆ ಪಾಪವನ್ನು ತಿದ್ದುವ ಕೆಲಸ ಪೊಲೀಸರದಲ್ಲ.

ಇಬ್ಬರ ಒಪ್ಪಿಗೆ ಮತ್ತು ಸುಳ್ಳಿನ ಒಪ್ಪಂದ

ಯಾರ ಮೇಲೂ ಆರೋಪ ಹೊರಿಸದೆ, ಇಬ್ಬರೂ ಒಪ್ಪಿ ಕೇಳಿಕೊಳ್ಳುವ ದಾರಿಯನ್ನು 2001ರ ತಿದ್ದುಪಡಿ ಕ್ರೈಸ್ತರಿಗೂ ಕೊಟ್ಟಿದೆ. ಕಾಯ್ದೆ ಎರಡು ವರ್ಷ ಬೇರೆಯಾಗಿರಬೇಕು ಎಂದಿತ್ತು. ಇತರ ಧರ್ಮದವರಿಗೆ ಒಂದು ವರ್ಷ, ಕ್ರೈಸ್ತರಿಗೆ ಮಾತ್ರ ಎರಡು ಏಕೆ ಎಂಬ ಪ್ರಶ್ನೆ ಎದ್ದು, ಕೇರಳದ ಉಚ್ಚ ನ್ಯಾಯಾಲಯ 2010ರಲ್ಲಿ ಅದನ್ನು ಒಂದು ವರ್ಷವೆಂದು ಓದಬೇಕು ಎಂದಿತು. ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಬಳಿಕ ಅದೇ ನಿಲುವು ತಾಳಿತು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ತಮ್ಮ ಮನಸ್ಸು ಬದಲಾಗಿಲ್ಲ ಎನ್ನಬೇಕು. ಆ ಆರು ತಿಂಗಳನ್ನು ಕಾನೂನು ಇಟ್ಟಿರುವುದು ಇನ್ನೊಮ್ಮೆ ಯೋಚಿಸಲಿ ಎಂದು. ಎಷ್ಟು ಬೇಗ ಎಂಬುದೊಂದೇ ಲೆಕ್ಕವಾದರೆ, ಮರ್ಯಾದೆ ಕಳೆಯುವ ಆರೋಪದ ದಾರಿಗಿಂತ ಸಾಮಾನ್ಯವಾಗಿ ಇದೇ ಬೇಗ ಮುಗಿಯುತ್ತದೆ ಎಂಬುದು ತಿಳಿದಿರಲಿ.

ಆದರೆ ಕೆಲವರು ಬುದ್ಧಿವಂತಿಕೆ ಮಾಡುತ್ತಾರೆ. ವರ್ಷಗಟ್ಟಲೆ ಕಾಯುವುದೇಕೆ, ಇಬ್ಬರೂ ಮಾತಾಡಿಕೊಂಡು ಒಬ್ಬರು ವ್ಯಭಿಚಾರ ಒಪ್ಪಿಕೊಂಡರಾಯಿತು ಎಂದು ಲೆಕ್ಕ ಹಾಕುತ್ತಾರೆ. ಇದು ಎರಡು ರೀತಿಯಲ್ಲಿ ಕೆಡುಕು. ಗಂಡ ಹೆಂಡತಿ ಒಳಗೊಳಗೇ ಕೂಡಿ ನಾಟಕ ಆಡುತ್ತಿದ್ದಾರೋ ಎಂದು ವಿಚಾರಿಸುವುದು ಕಾಯ್ದೆಯಂತೆ ನ್ಯಾಯಾಧೀಶರ ಕರ್ತವ್ಯ. ಹಾಗೆಂದು ಕಂಡುಬಂದರೆ ಅರ್ಜಿಯೇ ವಜಾ ಆಗುತ್ತದೆ. ಇನ್ನೊಂದು, ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳಿದಂತಾಗುತ್ತದೆ. ದೇವರು ಮೋಶೆಯ ಕೈಗೆ ಕೊಟ್ಟ ಕಲ್ಲಿನ ಹಲಗೆಗಳ ಮೇಲೆ ವ್ಯಭಿಚಾರವನ್ನು ನಿಷೇಧಿಸುವ ಕಟ್ಟಳೆಯೂ ಇದೆ, ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಕಟ್ಟಳೆಯೂ ಇದೆ. ಮೊದಲನೆಯದನ್ನು ಮುರಿಯದವರೂ ಮುರಿದೆವೆಂದು ಹೇಳಿ ಎರಡನೆಯದನ್ನು ಮುರಿಯುವುದು ಎಂಥ ವಿಪರ್ಯಾಸ!

ಇನ್ನು ನಮ್ಮ ಸೀಮೆಯ ಸೋಡಚೀಟಿಯ ಮಾತು. ಹಿರಿಯರು ಕಟ್ಟೆಗೆ ಕುಳಿತು, ಬಾಂಡ್ ಪೇಪರ್ ಮೇಲೆ ಬರೆಸಿ, ಇಬ್ಬರ ಸಹಿಯೋ ಹೆಬ್ಬೆಟ್ಟೋ ಹಾಕಿಸಿ, ಇಂದಿನಿಂದ ನಿನಗೂ ನನಗೂ ಸಂಬಂಧವಿಲ್ಲ ಎಂದು ಕಳಿಸುವ ರೂಢಿ ನಮ್ಮ ಕಡೆ ಬಹಳ ಹಳೆಯದು. ಕ್ರೈಸ್ತ ವಿವಾಹಕ್ಕೆ ಆ ಕಾಗದ ಕಾನೂನಿನಲ್ಲಿ ಬೆಲೆಯಿಲ್ಲದ್ದು. ಅದನ್ನು ನಂಬಿ ಉಡಕಿಯಾದ ಹೆಣ್ಣುಮಗಳು ಕಾನೂನಿನ ಕಣ್ಣಿಗೆ ಹೆಂಡತಿಯೇ ಅಲ್ಲ. ನಾಳೆ ಎರಡನೆಯವನು ಕೈಬಿಟ್ಟರೆ ಜೀವನಾಂಶಕ್ಕೆ, ಆಸ್ತಿಯ ಪಾಲಿಗೆ ಅವಳು ಗೋಳಾಡಬೇಕಾಗುತ್ತದೆ. ಮೊದಲ ಮದುವೆ ಮುರಿಯದೆ ಇನ್ನೊಂದು ಮಾಡಿಕೊಂಡವರ ಮೇಲೆ ಕ್ರಿಮಿನಲ್ ಪ್ರಕರಣವೂ ಆಗಬಹುದು. ಹಿರಿಯರೇ, ನೀವು ಒಳ್ಳೆಯ ಮನಸ್ಸಿನಿಂದಲೇ ಬರೆಸುತ್ತೀರಿ. ಆದರೂ ಆ ಕಾಗದಕ್ಕೆ ಸಾಕ್ಷಿ ಹಾಕಬೇಡಿ.

ಎರಡು ಬಾಗಿಲು, ಎರಡು ಬೀಗ

ಧರ್ಮಪ್ರಾಂತ್ಯದ ನ್ಯಾಯಪೀಠಕ್ಕೆ ಹೋದರೆ ಮದುವೆ ರದ್ದಾಗುತ್ತದಂತೆ, ಗಂಡ ವ್ಯಭಿಚಾರಿ ಎಂದರೆ ಬೇಗ ಆಗುತ್ತದಂತೆ ಎಂದು ಕೇಳುವವರಿದ್ದಾರೆ. ಇದೂ ತಪ್ಪು ತಿಳುವಳಿಕೆ. ಧರ್ಮಸಭೆ ಮದುವೆಯನ್ನು ಮುರಿಯುವುದಿಲ್ಲ. ಮದುವೆಯ ದಿನವೇ ನಿಜವಾದ ವಿವಾಹಬಂಧ ಉಂಟಾಗಿತ್ತೋ ಇಲ್ಲವೋ ಎಂದು ಮಾತ್ರ ಅದು ವಿಚಾರಿಸುತ್ತದೆ. ಬಲವಂತವಾಗಿತ್ತೇ, ಮೋಸವಾಗಿತ್ತೇ, ವಿವಾಹದ ಹೊಣೆ ಹೊರುವ ಶಕ್ತಿಯೇ ಇರಲಿಲ್ಲವೇ, ನಿಷ್ಠೆಯಿಂದ ಇರಲೇಬಾರದೆಂಬ ಸಂಕಲ್ಪ ಆ ದಿನವೇ ಮನಸ್ಸಿನಲ್ಲಿತ್ತೇ ಎಂದು ನೋಡುತ್ತದೆ. ಮದುವೆಯಾಗಿ ಹತ್ತು ವರ್ಷದ ಮೇಲೆ ಗಂಡ ಅಥವಾ ಹೆಂಡತಿ ಜಾರಿದರೆ, ಆ ಜಾರುವಿಕೆಯೊಂದರಿಂದಲೇ ಹತ್ತು ವರ್ಷದ ಹಿಂದಿನ ಸಂಸ್ಕಾರ ಸುಳ್ಳಾಗುವುದಿಲ್ಲ. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಈ ವಿಚಾರಣೆಯ ಕ್ರಮವನ್ನು ಸರಳಗೊಳಿಸಿದರು. ಎರಡು ಪೀಠಗಳ ಒಮ್ಮತದ ತೀರ್ಪು ಬೇಕೆಂಬ ನಿಯಮವನ್ನು ತೆಗೆದರು. ಸಾಧ್ಯವಾದ ಮಟ್ಟಿಗೆ ಖರ್ಚಿಲ್ಲದೆ ನಡೆಸಬೇಕೆಂದರು. ಹಾದಿ ಹತ್ತಿರವಾಯಿತೇ ಹೊರತು ಪ್ರಶ್ನೆ ಬದಲಾಗಲಿಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಧರ್ಮಸಭೆಯ ನ್ಯಾಯಪೀಠದ ತೀರ್ಪು ಸರ್ಕಾರದ ಕಾನೂನಿನಲ್ಲಿ ಮದುವೆಯನ್ನು ಮುಗಿಸುವುದಿಲ್ಲ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ನಮ್ಮ ಕರ್ನಾಟಕದವರೇ ಆದ ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್‌ರವರು, ಧರ್ಮಸಭೆಯ ನ್ಯಾಯಪೀಠದ ತೀರ್ಪಿಗೆ ಕಾನೂನಿನ ಮಾನ್ಯತೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಅರ್ಜಿಯೂ 2017ರ ಜನವರಿಯಲ್ಲಿ ವಜಾ ಆಯಿತು. ಆದ್ದರಿಂದ ಇಲ್ಲಿ ಎರಡು ಬಾಗಿಲು, ಎರಡು ಬೀಗ ಇವೆ ಎಂದು ತಿಳಿಯಿರಿ. ನ್ಯಾಯಾಲಯದ ಡಿಕ್ರಿ ಒಂದನ್ನೇ ಹಿಡಿದುಕೊಂಡು ದೇವಾಲಯದಲ್ಲಿ ಮರುಮದುವೆ ಆಗದು. ಧರ್ಮಸಭೆಯ ತೀರ್ಪು ಒಂದನ್ನೇ ಹಿಡಿದುಕೊಂಡು ಮರುಮದುವೆಯಾದರೆ ಸರ್ಕಾರದ ಕಣ್ಣಿಗೆ ಅದು ಎರಡನೆಯ ಮದುವೆ.

ಸಹಿಸಿಕೋ ಎನ್ನುವ ಮುನ್ನ

ಹಾಗಾದರೆ ಮೋಸಹೋದ ಹೆಂಡತಿ, ಮೋಸಹೋದ ಗಂಡ ಏನು ಮಾಡಬೇಕು? ನಿನ್ನ ಹಣೆಬರಹ, ಸಹಿಸಿಕೋ ಎಂದು ಹೇಳುವುದು ಧರ್ಮಸಭೆಯ ಬೋಧನೆಯೇ? ಅಲ್ಲ. ಇದನ್ನು ಅನೇಕರು ತಿಳಿದಿಲ್ಲ.

ಧರ್ಮಸಭೆಯ ಕಾನೂನು ಸಂಹಿತೆಯ 1152ನೆಯ ನಿಯಮ, ಸಂಗಾತಿಯ ವ್ಯಭಿಚಾರದಿಂದ ನೊಂದವರು ಕ್ಷಮಿಸಬೇಕೆಂದು ಮನಃಪೂರ್ವಕ ಬೇಡಿಕೊಳ್ಳುತ್ತದೆ. ಆದರೆ ಕ್ಷಮಿಸಿ ಕೂಡಿ ಬಾಳಲು ಆಗದಿದ್ದರೆ ಬೇರೆಯಾಗಿ ಬಾಳುವ ಹಕ್ಕು ಅವರಿಗಿದೆ ಎಂದೂ ಅದೇ ನಿಯಮ ಹೇಳುತ್ತದೆ. ಹಾಗೆ ತಾನಾಗಿ ಬೇರೆಯಾದವರು ಆರು ತಿಂಗಳೊಳಗೆ ಧರ್ಮಸಭೆಯ ಅಧಿಕಾರಿಗಳಿಗೆ ತಿಳಿಸಬೇಕು. ಮುಂದಿನ 1153ನೆಯ ನಿಯಮ, ಸಂಗಾತಿಯಿಂದ ಜೀವಕ್ಕೋ ಆತ್ಮಕ್ಕೋ ಮಕ್ಕಳಿಗೋ ಗಂಡಾಂತರ ಇದ್ದರೆ ಬೇರೆ ಹೋಗಬಹುದು ಎನ್ನುತ್ತದೆ. ತಡಮಾಡಿದರೆ ಅಪಾಯವೆನಿಸಿದಾಗ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥವೂ ಸ್ಪಷ್ಟವಾಗಿದೆ: ನ್ಯಾಯಬದ್ಧ ಹಕ್ಕುಗಳನ್ನೋ, ಮಕ್ಕಳ ಪಾಲನೆಯನ್ನೋ, ಆಸ್ತಿಯನ್ನೋ ಉಳಿಸಿಕೊಳ್ಳಲು ಸರ್ಕಾರಿ ವಿಚ್ಛೇದನವೊಂದೇ ದಾರಿಯಾದರೆ ಅದನ್ನು ಸಹಿಸಬಹುದು, ಅದರಿಂದಲೇ ಪಾಪವಾಗದು. ತಾನು ಬಯಸದೆ ವಿಚ್ಛೇದಿತಳಾದ ಹೆಣ್ಣು, ವಿಚ್ಛೇದಿತನಾದ ಗಂಡು ಕಟ್ಟಳೆ ಮೀರಿದವರಲ್ಲ. ಬೇರೆ ಮದುವೆಯಾಗದೆ ನಿಷ್ಠೆಯಿಂದ ಬಾಳುವ ಅಂಥವರನ್ನು ಪರಮಪ್ರಸಾದದಿಂದ ದೂರ ಇಡುವ ನಿಯಮ ಎಲ್ಲಿಯೂ ಇಲ್ಲ. ವಿಚ್ಛೇದನವಾದವರು ಪರಮಪ್ರಸಾದ ತೆಗೆದುಕೊಳ್ಳಕೂಡದು ಎಂದು ಪಕ್ಕದ ಬೆಂಚಿನವರು ಪಿಸುಗುಟ್ಟಿದರೆ, ಅದು ಧರ್ಮಸಭೆಯ ಮಾತಲ್ಲ, ಬೆಂಚಿನ ಮಾತು.

ಸರ್ಕಾರದ ಕಾನೂನಿನಲ್ಲೂ ವಿಚ್ಛೇದನವಿಲ್ಲದೆ ನೆರವು ಪಡೆಯುವ ದಾರಿಗಳಿವೆ. ವ್ಯಭಿಚಾರ, ಕ್ರೌರ್ಯ ಅಥವಾ ಎರಡು ವರ್ಷ ತೊರೆದದ್ದರ ಮೇಲೆ, ಮದುವೆ ಉಳಿದೇ ಬೇರೆಯಾಗಿ ಬಾಳುವ ಡಿಕ್ರಿಯನ್ನು ನ್ಯಾಯಾಲಯ ಕೊಡಬಹುದು. ನಮ್ಮ ವಿಶ್ವಾಸಕ್ಕೆ ಹತ್ತಿರವಾದ ದಾರಿ ಇದು. ವಿಚ್ಛೇದನ ಕೇಳದೆಯೂ ಹೆಂಡತಿ ತನಗೂ ಮಕ್ಕಳಿಗೂ ಜೀವನಾಂಶ ಕೇಳಬಹುದು. ಪ್ರಕರಣ ನಡೆಯುವಾಗಿನ ಖರ್ಚಿನ ಅರ್ಜಿಯನ್ನು ಆದಷ್ಟು ಮಟ್ಟಿಗೆ 60 ದಿನಗಳೊಳಗೆ ತೀರಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಂತೆ ರಕ್ಷಣೆಯ ಆದೇಶವನ್ನೂ, ಬಾಳುತ್ತಿದ್ದ ಮನೆಯಲ್ಲೇ ಇರುವ ಹಕ್ಕನ್ನೂ ಕೇಳಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಕೈಚೆಲ್ಲಬೇಡಿ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಕೌಟುಂಬಿಕ ನ್ಯಾಯಾಲಯ ಕೂಡ ಮೊದಲು ರಾಜಿಗೆ ಪ್ರಯತ್ನಿಸಬೇಕೆಂಬುದು 1984ರ ಕಾಯ್ದೆಯ ಕಟ್ಟಳೆ.

ಕಾಣೆಯಾದ ಗಂಡಸು

ಸಂತ ಯೊವಾನ್ನರ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಪ್ರಭುವಿನ ಮುಂದೆ ಎಳೆದು ತರುತ್ತಾರೆ. ಮೋಶೆಯ ಕಟ್ಟಳೆಯಂತೆ ಗಂಡಿಗೂ ಹೆಣ್ಣಿಗೂ ಒಂದೇ ಶಿಕ್ಷೆ. ಆದರೆ ಅಲ್ಲಿ ಗಂಡಸು ಎಲ್ಲಿ? ಅವನು ಕಾಣೆಯಾಗಿದ್ದಾನೆ. ಸಂತ ಮಾರ್ಕರ ಹತ್ತನೆಯ ಅಧ್ಯಾಯವನ್ನೂ ಓದಿ ನೋಡಿ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಕೂಡಿದ ಗಂಡ ಆ ಹೆಂಡತಿಗೇ ದ್ರೋಹ ಮಾಡಿದಂತೆ ಎಂದು ಪ್ರಭು ಹೇಳುತ್ತಾರೆ. ಹೆಂಡತಿ ಗಂಡನನ್ನು ಬಿಟ್ಟರೂ ಅದೇ ಮಾತು. ನಮ್ಮ ಕಾಯ್ದೆ 2001ರಲ್ಲಿ ಕಲಿತ ಸಮಾನತೆಯನ್ನು ಪ್ರಭು ಗಲಿಲಾಯದ ಗುರು ಅಂದೇ ಬೋಧಿಸಿದ್ದರು. ಬಿಡಲು ಯಾವ ಕಾರಣ ಸಾಕು ಎಂದು ಫರಿಸಾಯರು ಕೇಳಿದರೆ, ಕೂಡಿಸಿದವರು ಯಾರು ಎಂದು ಪ್ರಭು ನೆನಪಿಸಿದರು. ದೇವರು ಹೆಣೆದದ್ದನ್ನು ಬಿಚ್ಚುವ ಅಧಿಕಾರ ಗಂಡನಿಗೂ ಇಲ್ಲ, ಪಂಡಿತನಿಗೂ ಇಲ್ಲ.

ಆ ಹೆಂಗಸಿಗೆ ಪ್ರಭು ಏನು ಮಾಡಿದರು? ಅವಳು ಮಾಡಿದ್ದು ಪಾಪವಲ್ಲ ಎನ್ನಲಿಲ್ಲ. ಕಲ್ಲೆತ್ತಿದವರನ್ನು ಅವರವರ ಮನಸ್ಸಾಕ್ಷಿಗೆ ಒಪ್ಪಿಸಿದರು. ಅವಳನ್ನು ಬದುಕಿಗೆ ಮರಳಿಸಿ, ಇನ್ನು ಆ ದಾರಿ ಹಿಡಿಯಬೇಡ ಎಂದು ಕಳಿಸಿದರು. ಪಾಪವನ್ನು ಪಾಪವೆಂದೇ ಕರೆದು ಪಾಪಿಯನ್ನು ಉಳಿಸಿಕೊಳ್ಳುವುದು, ಇದು ಕ್ರಿಸ್ತರ ನ್ಯಾಯ.

ಕ್ಷಮೆಯನ್ನು ನಮ್ಮ ವಿಚ್ಛೇದನ ಕಾಯ್ದೆಯೂ ಅರಿತಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಸಂಗಾತಿಯ ವ್ಯಭಿಚಾರ ತಿಳಿದ ಮೇಲೂ ಮನ್ನಿಸಿ, ಮತ್ತೆ ಗಂಡ ಹೆಂಡತಿಯಾಗಿ ಕೂಡಿ ಬಾಳಿದವರು ಆ ಹಳೆಯ ತಪ್ಪನ್ನೇ ಹಿಡಿದು ವಿಚ್ಛೇದನ ಕೇಳುವಂತಿಲ್ಲ. ಮನ್ನಿಸಿದ್ದು ಮುಗಿಯಿತು ಎಂದು ಕಾನೂನೇ ಹೇಳುತ್ತದೆ. ಆದರೆ ನಾವು? ಕ್ಷಮಿಸಿದೆ ಎಂದು ಹೇಳಿ ಪ್ರತಿ ಹಬ್ಬಕ್ಕೂ, ಪ್ರತಿ ಜಗಳಕ್ಕೂ ಆ ಹಳೆಯ ಗಂಟನ್ನು ಬಿಚ್ಚಿ ಹರಡುತ್ತೇವೆ. ಪ್ರವಾದಿ ಹೊಶೇಯ ದಾರಿ ತಪ್ಪಿದ ಹೆಂಡತಿಯನ್ನು ಬೆಳ್ಳಿ ಕೊಟ್ಟು, ಜವೆಗೋಧಿ ಅಳೆದುಕೊಟ್ಟು ಮರಳಿ ತಂದ. ಅದು ಅಗ್ಗದ ಕ್ಷಮೆಯಾಗಿರಲಿಲ್ಲ. ಅದಕ್ಕೆ ಅವನು ಬೆಲೆ ತೆತ್ತ. ಕ್ಷಮೆಯನ್ನು ನೊಂದವರಿಂದ ಬಲವಂತವಾಗಿ ಕಿತ್ತುಕೊಳ್ಳಲಾಗದು. ತಪ್ಪು ಮಾಡಿದವರು ಮೊದಲು ಆ ಸಂಬಂಧ ಕಡಿದುಕೊಳ್ಳಬೇಕು, ಪಾಪನಿವೇದನೆ ಮಾಡಬೇಕು, ಬಾಳಿ ತೋರಿಸಬೇಕು.

ತಿಕೋಟಾ ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ಚಾಟ್ನಿ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿಗೆ ಕತ್ತರಿ ಹಾಕುತ್ತೀರಿ. ಕಂಡವರಿಗೆ ಅದು ಕ್ರೂರವೆನಿಸುತ್ತದೆ. ಆದರೆ ರೋಗದ ಟೊಂಗೆ ಕಡಿಯುವುದು ಬೇರೆ, ಬೇರು ಕಿತ್ತು ಎಸೆಯುವುದು ಬೇರೆ. ಒಂದು ಸಂಸಾರದಲ್ಲಿ ದೂರವಿರುವುದು, ನ್ಯಾಯಾಲಯಕ್ಕೆ ಹೋಗುವುದು, ಸತ್ಯವನ್ನು ಎದುರಿಗೆ ಹೇಳುವುದು ಕೆಲವೊಮ್ಮೆ ಅನಿವಾರ್ಯವಾದ ಚಾಟ್ನಿ. ಕತ್ತರಿ ಹಿಡಿದ ಕೈಯಲ್ಲಿ ಸೇಡು ಇರಬಾರದು. ಮಗುವಿನ ಮೇಲೆ ಆ ಕತ್ತರಿ ಬೀಳಬಾರದು.

ಆದ್ದರಿಂದ ಮೋಸಹೋದ ಸಹೋದರಿ, ಸಹೋದರನೇ, ಅವರ ಪಾಪ ನಿನ್ನ ಬಿಡುಗಡೆಯ ಕೀಲಿಯಲ್ಲ, ನಿನ್ನ ಅವಮಾನವೂ ಅಲ್ಲ. ಅವಸರಪಡಬೇಡ. ನಿನಗೂ ಮಕ್ಕಳಿಗೂ ಮೊದಲು ಬೇಕಾದದ್ದು ನೆಲೆ, ಅನ್ನ, ರಕ್ಷಣೆ. ಅವನ್ನು ಕೇಳಲು ನಾಚಬೇಡ. ದಾರಿ ತಪ್ಪಿದವರೇ, ಮರಳಿ ಬರಲು ಬಾಗಿಲು ತೆರೆದಿದೆ. ಬಹಳ ದಿನ ಹೊರಗೆ ನಿಲ್ಲಬೇಡಿ. ತಂದೆತಾಯಿಗಳೇ, ನಿಮ್ಮ ಮಗ ತಪ್ಪಿದಾಗ ಸೊಸೆಯ ಬಾಯಿ ಮುಚ್ಚಿಸಬೇಡಿ. ಮಗಳು ತಪ್ಪಿದಾಗ ಅಳಿಯನ ನೋವನ್ನು ಅಲ್ಲಗಳೆಯಬೇಡಿ. ಧರ್ಮಕೇಂದ್ರದ ಜನರೇ, ಒಂಟಿಯಾಗಿ ಮಕ್ಕಳ ಕೈಹಿಡಿದು ಬಲಿಪೂಜೆಗೆ ಬರುವ ತಾಯಿಗೆ ಬೆಂಚಿನಲ್ಲಿ ಜಾಗ ಮಾಡಿಕೊಡಿ.

ಪ್ರಭುವೇ, ನಮ್ಮ ಮನೆಗಳಲ್ಲಿ ಸತ್ಯ ನೆಲೆಸಲಿ. ಮುರಿದ ಮನಸ್ಸುಗಳನ್ನು ನೀವೇ ಕೂಡಿಸಿ. ಕೂಡಿಸಲಾಗದ ಕಡೆ ನೊಂದವರ ಕೈಬಿಡದೆ ನಡೆಸಿ. ಆಮೆನ್.